ದುಡ್ಡು ಕೊಟ್ಟು ತಂದ ಮಣ್ಣು

2024ರ ಮಳೆಗಾಲದ ಶುರುವಿನಲ್ಲಿ ನಾನು ಬೆಂಗಳೂರಿನಿಂದ ಸಿದ್ದಾಪುರದ ಹತ್ತಿರದ ನಮ್ಮೂರಿಗೆ ಹತ್ತು ಕೆಜಿ ಮಣ್ಣು ಹೊತ್ತುಕೊಂಡು ಬಂದೆ. ಕಾರಿನ ಡಿಕ್ಕಿಯಿಂದ ಚೀಲ ಇಳಿಸುವಾಗ ಆಯಿ ಜಗುಲಿ ಮೇಲೆ ನಿಂತು ನೋಡ್ತಾ ಇದ್ದಳು. ಎಂತದು ಅಂತ ಕೇಳಿದ್ದಕ್ಕೆ, ಬೆಕ್ಕು ಉಚ್ಚೆ ಮಾಡೋದಕ್ಕೆ ಹಾಕೋ ಮಣ್ಣು, ಲಿಟರ್ ಅಂತಾರೆ ಅಂದೆ. ಆಯಿ ಒಮ್ಮೆ ಚೀಲ ನೋಡಿದಳು. ಒಮ್ಮೆ ಅಂಗಳದ ಆಚೆಗಿನ ತೋಟ ನೋಡಿದಳು. ಆಮೇಲೆ ಕೇಳಿದಳು: "ದುಡ್ಡು ಕೊಟ್ಟು ಮಣ್ಣು ತಂದ್ಯನೋ?"

ಕೊಟ್ಟಿದ್ದು ಹೌದು. ಚೀಲದ ಮೇಲೆ ಬೆಂಟೊನೈಟ್ ಅಂತ ಬರೆದಿತ್ತು. ನಮ್ಮ ದೇಶದಲ್ಲಿ ಆ ಜೇಡಿಮಣ್ಣು ಹೆಚ್ಚಾಗಿ ಸಿಗುವುದು ಗುಜರಾತಿನ ಕಛ್, ರಾಜಸ್ಥಾನದ ಬಾಡಮೇರ್ ಕಡೆ. ಅಂದ್ರೆ ಎಲ್ಲಿಯದೋ ಮರುಭೂಮಿಯ ಅಂಚಿನ ಮಣ್ಣು ಬೆಂಗಳೂರಿಗೆ ಬಂದು, ಅಲ್ಲಿಂದ ನಾನೂರು ಕಿಲೋಮೀಟರ್ ಕಾರಿನಲ್ಲಿ ಕೂತು, ಮಣ್ಣಿಗೆ ಏನೇನೂ ಕೊರತೆ ಇಲ್ಲದ ನಮ್ಮ ಸೀಮೆಗೆ ಬಂದಿತ್ತು. ಆಯಿಯ ನಗುವಿಗೆ ಕಾರಣ ಇತ್ತು. ಆದರೆ ಆ ಚೀಲದ ಹಿಂದೆ ನನ್ನದೊಂದು ತಪ್ಪೂ ಇತ್ತು. ಅದನ್ನ ಹೇಳದೆ ಮುಂದಕ್ಕೆ ಹೋದರೆ ಈ ಬರಹಕ್ಕೆ ಅರ್ಥ ಇಲ್ಲ.

ಗುಂಡ ಹುಟ್ಟಿದ್ದು ಇದೇ ಮನೆಯ ಮೆತ್ತಿನ ಮೇಲೆ, ಅಡಿಕೆ ಚೀಲಗಳ ಸಂದಿಯಲ್ಲಿ. 2021ರಲ್ಲಿ, ಮನೆಯಿಂದಲೇ ಕೆಲಸ ಮಾಡ್ತಾ ಇದ್ದ ದಿನಗಳಲ್ಲಿ, ಅವನು ನನ್ನ ಲ್ಯಾಪ್‌ಟಾಪ್ ಮೇಲೆ ಮಲಗಿ ದೊಡ್ಡವನಾದ. ಆಫೀಸಿಂದ ಕರೆ ಬಂದಾಗ ಬಿಟ್ಟು ಹೋಗೋದಕ್ಕೆ ಮನಸ್ಸಾಗಲಿಲ್ಲ, ಕರ್ಕೊಂಡು ಹೋದೆ. ಅಲ್ಲಿಯವರೆಗೆ ಅವನ ಪಾಯಿಖಾನೆಗೆ ಗೋಡೆ ಇರಲಿಲ್ಲ. ಬಚ್ಚಲ ಒಲೆಯ ಬೂದಿ ಚೆಲ್ಲುವ ಜಾಗ, ಆಯಿ ಬಸಳೆ ನೆಡೋದಕ್ಕೆ ಕೆದಕಿಟ್ಟ ಮಣ್ಣು, ತೋಟದ ಕಪ್ಪಿನ ಪಕ್ಕ, ಎಲ್ಲಿ ಬೇಕೋ ಅಲ್ಲಿ. ಬೆಂಗಳೂರಿನ ನಾಲ್ಕನೇ ಮಹಡಿಯಲ್ಲಿ ಅದೆಲ್ಲ ಹೋಗಿ ಒಂದು ಪ್ಲಾಸ್ಟಿಕ್ ಡಬ್ಬಿ ಉಳಿಯಿತು.

ಆ ಡಬ್ಬಿಯನ್ನ ನಾನು ಆರಿಸಿದ ರೀತಿ ಹೇಳ್ತೇನೆ ಕೇಳಿ. ಮುಚ್ಚಳ ಇರೋದು ಬೇಕು, ಯಾಕಂದ್ರೆ ಮನೆಗೆ ಬಂದವರಿಗೆ ಕಾಣಬಾರದು. ಲಿಟರ್‌ಗೆ ಲ್ಯಾವೆಂಡರ್ ಪರಿಮಳ ಬೇಕು, ಯಾಕಂದ್ರೆ ನನಗೆ ವಾಸನೆ ಬರಬಾರದು. ಕಾಳು ಸ್ವಲ್ಪ ದಪ್ಪ ಇರಬೇಕು, ಯಾಕಂದ್ರೆ ಕಾಲಿಗೆ ಅಂಟಿ ಸೋಫಾ ಮೇಲೆಲ್ಲ ಬರಬಾರದು. ಮೂರು ಕಾರಣ, ಮೂರೂ ನನ್ನವು. ದಿನಕ್ಕೆ ಹಲವು ಸಲ ಒಳಗೆ ಹೋಗಿ ನಿಲ್ಲಬೇಕಾದವನ ಕಡೆಯಿಂದ ಒಂದೂ ಇರಲಿಲ್ಲ.

ಎರಡೂವರೆ ವರ್ಷ ಅವನು ಗೊಣಗಲಿಲ್ಲ. ಆಮೇಲೆ ಒಂದು ಗುರುವಾರ ಬಾತ್‌ರೂಮಿನ ನೆಲದ ಮೇಲೆ ಎರಡು ಹನಿ ಉಚ್ಚೆ ಕಂಡಿತು. ಸಂಜೆ ನನ್ನ ಹಾಸಿಗೆಯ ಮೇಲೆ ಇನ್ನೆರಡು ಹನಿ. ನಾನು ಬೈದೆ. ಕತ್ತಿನ ಹಿಂದೆ ಹಿಡಿದು ಡಬ್ಬಿಯೊಳಗೆ ಕೂರಿಸಿದೆ. ಅವನು ಅಲ್ಲಿ ಕೂತು ತುಂಬಾ ಹೊತ್ತು ಮುಕ್ಕಿರಿದ, ಏನೂ ಬರಲಿಲ್ಲ, ಹೊರಗೆ ಓಡಿದ. ಹಟ ಅಂದುಕೊಂಡೆ. ಮರುದಿನ ನನಗೆ ರಿಲೀಸ್ ಇತ್ತು, ಅವನನ್ನ ಡಬ್ಬಿಯ ಜೊತೆ ಯುಟಿಲಿಟಿಗೆ ಹಾಕಿ ಬಾಗಿಲು ಎಳೆದೆ. ಸಂಜೆ ಬಾಗಿಲು ತೆಗೆದಾಗ ಅವನು ವಾಷಿಂಗ್ ಮೆಷಿನ್ ಪಕ್ಕ ನೆಲಕ್ಕೆ ಹೊಟ್ಟೆ ಒತ್ತಿ ಮಲಗಿದ್ದ. ಮುಟ್ಟಿದರೆ ಕೂಗಿದ.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳೋ, ಲೋಳೆಯೋ ಅಡ್ಡ ಬಂದರೆ ಉಚ್ಚೆ ಪೂರ್ತಿ ಕಟ್ಟಿಬಿಡುತ್ತದೆ. ಕಟ್ಟಿದ ಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯಕ್ಕೆ ಹೊಡೆತ ಬೀಳುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ಪದೇ ಪದೇ ಡಬ್ಬಿಗೆ ಹೋಗೋದು, ಮುಕ್ಕಿರಿಯೋದು, ಅಲ್ಲಿ ಇಲ್ಲಿ ಹನಿ ಬಿಡೋದು, ಇವೆಲ್ಲ ಅದರ ಲಕ್ಷಣ. ಡಬ್ಬಿಯಲ್ಲಿ ಕೂತಾಗ ನೋವಾದರೆ ಬೆಕ್ಕು ನೋವಿಗೆ ಡಬ್ಬಿಯೇ ಕಾರಣ ಅಂದುಕೊಂಡು ಬೇರೆ ಕಡೆ ಹೋಗುತ್ತದೆ. ಇದನ್ನೆಲ್ಲ ನನಗೆ ಹೇಳಿದ್ದು ಆ ರಾತ್ರಿ ಕ್ಯಾಥೆಟರ್ ಹಾಕಿದ ಡಾಕ್ಟರು. ನಾನು ನಡತೆ ಅಂದುಕೊಂಡಿದ್ದು ಕಾಯಿಲೆಯಾಗಿತ್ತು. ಅವನಿಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಅವನು ಎರಡು ದಿನ ನನಗೆ ಹೇಳಿದ್ದ. ನಾನು ಅದಕ್ಕೆ ಶಿಕ್ಷೆ ಕೊಟ್ಟಿದ್ದೆ.

ಮನೆಗೆ ಕಳಿಸುವಾಗ ಡಾಕ್ಟರು ಮಾತ್ರೆಗಳ ಜೊತೆ ಲಿಟರ್ ಬಗ್ಗೆಯೂ ಹೇಳಿದರು. ಮೊದಲ ಹತ್ತು ದಿನ ಜೇಡಿಮಣ್ಣಿನದು ಬೇಡ, ಕಾಗದದ್ದು ಹಾಕಿ, ಗಾಯದ ಜಾಗಕ್ಕೆ ಪುಡಿ ಅಂಟಬಾರದು. ಆಮೇಲೆ ಪರಿಮಳ ಇಲ್ಲದ, ಧೂಳು ಕಡಿಮೆ ಇರುವ, ಸಣ್ಣ ಕಾಳಿನ, ಒದ್ದೆಯಾದರೆ ಉಂಡೆ ಕಟ್ಟುವ ಲಿಟರ್. ಮುಚ್ಚಳ ತೆಗೆಯಿರಿ. ಒಂದಲ್ಲ ಎರಡು ಡಬ್ಬಿ ಇಡಿ, ಬೇರೆ ಬೇರೆ ಕಡೆ. ಸಾಧ್ಯವಾದರೆ ಸ್ವಲ್ಪ ದಿನ ಗಲಾಟೆ ಇಲ್ಲದ ಕಡೆ ಇಟ್ಟುಕೊಳ್ಳಿ. ಗಲಾಟೆ ಇಲ್ಲದ ಕಡೆ ಅಂದಾಗ ನನಗೆ ನೆನಪಾಗಿದ್ದು ಅವನು ಹುಟ್ಟಿದ ಮೆತ್ತು. ರಜೆ ಹಾಕಿದೆ, ಹತ್ತು ದಿನದ ನಂತರಕ್ಕೆ ಬೇಕಾಗುವ ಚೀಲ ಡಿಕ್ಕಿಗೆ ಹಾಕಿದೆ, ಹೊರಟೆ.

ಕಾಗದದ ಲಿಟರ್ ಮಾತ್ರ ಕೊನೆ ಗಳಿಗೆಯಲ್ಲಿ ಸಿಗಲಿಲ್ಲ. ದಾರಿಯಲ್ಲಿ ಶಿರಸಿಯ ಒಂದು ಅಂಗಡಿಯಲ್ಲಿ "ಲಿಟರ್ ಇದ್ಯಾ?" ಅಂದೆ. "ಎಂತದು, ಎಷ್ಟು ಲೀಟರು?" ಅಂದರು ಅವರು. ವಿವರಿಸಿದ ಮೇಲೆ, ಇದ್ದದ್ದು ಪರಿಮಳದ್ದೇ. ಕೊನೆಗೆ ಮನೆಯ ಹಳೆ ಪೇಪರುಗಳನ್ನೇ ಸಣ್ಣಗೆ ಹರಿದು ಹಾಕಿದೆ.

ಈ ಲಿಟರ್ ಅನ್ನೋ ವಸ್ತುವಿನ ಕತೆಯೇ ಮಜವಾಗಿದೆ. ಅಮೆರಿಕದಲ್ಲೂ ಮೊದಲು ಮನೆ ಬೆಕ್ಕಿಗೆ ಬೂದಿ, ಮರಳು ಇವೇ ಗತಿ. 1947ರಲ್ಲಿ ಮಿಚಿಗನ್ ರಾಜ್ಯದ ಎಡ್ವರ್ಡ್ ಲೋ ಅನ್ನುವವನ ಹತ್ತಿರ ಪಕ್ಕದ ಮನೆಯಾಕೆ ಬೆಕ್ಕಿನ ಡಬ್ಬಿಗೆ ಮರಳು ಕೇಳಿಕೊಂಡು ಬಂದಳು. ಅವನು ಮರಳಿನ ಬದಲು ಎಣ್ಣೆ ಹೀರಲಿಕ್ಕೆ ಬಳಸುವ ಒಣ ಜೇಡಿಯ ಕಾಳು ಕೊಟ್ಟ. ಆಕೆಗೆ ಹಿಡಿಸಿತು. ಅಲ್ಲಿಂದ ಒಂದು ದೊಡ್ಡ ವ್ಯಾಪಾರವೇ ಹುಟ್ಟಿತು. ಒದ್ದೆಯಾದ ಕೂಡಲೇ ಉಂಡೆ ಕಟ್ಟುವ ಬೆಂಟೊನೈಟ್ ಬಂದಿದ್ದು 1980ರ ದಶಕದಲ್ಲಿ. ಆಮೇಲೆ ಸಿಲಿಕಾ ಹರಳು, ಪೈನ್ ಮರದ ಗುಳಿಗೆ, ಜೋಳದ್ದು, ಸೋಯಾ ಹಿಂಡಿಯಿಂದ ಮಾಡಿದ ಟೋಫು ಲಿಟರ್. ಇವುಗಳ ಜಾಹೀರಾತು ನೋಡಿ: ವಾಸನೆ ಇಲ್ಲ, ಧೂಳಿಲ್ಲ, ತೆಗೆಯೋದು ಸುಲಭ, ಫ್ಲಷ್ ಮಾಡಬಹುದು. ಹೆಚ್ಚಿನದೆಲ್ಲ ಬಗ್ಗಿ ಸ್ವಚ್ಛ ಮಾಡುವವರ ಜೊತೆ ಆಡಿದ ಮಾತು. ಅದು ಸಹಜ, ದುಡ್ಡು ಕೊಡೋದು ಅವರೇ ತಾನೆ.

ಹಾಗಂತ ಅನುಕೂಲ ಎಲ್ಲ ಕೆಟ್ಟದ್ದಲ್ಲ. ಉಂಡೆ ಕಟ್ಟುವ ಮಣ್ಣಿನಿಂದ ಕಾಯಿಲೆಯ ಬೆಕ್ಕಿಗೆ ಒಂದು ದೊಡ್ಡ ಉಪಕಾರ ಆಗಿದೆ. ಉಂಡೆಯನ್ನ ಎಣಿಸಬಹುದು, ಗಾತ್ರ ನೋಡಬಹುದು. ದಿನದಿಂದ ದಿನಕ್ಕೆ ಉಂಡೆ ದೊಡ್ಡದಾಗ್ತಾ ಹೋದರೆ ಕಿಡ್ನಿ ಅಥವಾ ಸಕ್ಕರೆ ಕಾಯಿಲೆ ಇದ್ಯಾ ಅಂತ ಪರೀಕ್ಷೆ ಮಾಡಿಸಬೇಕು. ಗೋಲಿಯಷ್ಟು ಚಿಕ್ಕ ಉಂಡೆ ಹತ್ತಾರು ಕಂಡರೆ ಮೂತ್ರಕೋಶದ ತೊಂದರೆ. ಉಂಡೆಯೇ ಇಲ್ಲದಿದ್ದರೆ ಆ ಕ್ಷಣವೇ ಗಾಡಿ ತೆಗೆಯಬೇಕು. ಉಬ್ಬಸ ಇರುವ ಬೆಕ್ಕಿಗೆ ಧೂಳು ಮತ್ತು ಪರಿಮಳವೇ ಶತ್ರು. ಕೀಲುನೋವಿನ ಮುದಿ ಬೆಕ್ಕಿಗೆ ಒಳಗಿನ ಮಣ್ಣಿಗಿಂತ ಡಬ್ಬಿಯ ಅಂಚು ಮುಖ್ಯ, ಒಂದು ಕಡೆ ತಗ್ಗಾಗಿ ಕತ್ತರಿಸಿ ಕೊಡಬೇಕು. ಎಲ್ಲವನ್ನೂ ಬಾಯಿಗೆ ಹಾಕುವ ಪುಟ್ಟ ಮರಿಗಳಿಗೆ ಉಂಡೆ ಕಟ್ಟುವ ಜೇಡಿ ಬೇಡ. ಹೀಗೆ ಒಂದೊಂದು ದೇಹಕ್ಕೆ ಒಂದೊಂದು. ಎಲ್ಲ ಬೆಕ್ಕಿಗೂ ಒಳ್ಳೆಯ ಲಿಟರ್ ಅಂತ ಒಂದಿಲ್ಲ.

ಇದನ್ನೆಲ್ಲ ಹೊಸ ಜ್ಞಾನ ಅನ್ನೋ ಹಾಗೆ ನಾನು ಯಲ್ಲಾಪುರದಿಂದ ಬಂದಿದ್ದ ಅತ್ತೆಗೆ ಹೇಳ್ತಾ ಇದ್ದೆ. ಅತ್ತೆ ಎಲ್ಲ ಕೇಳಿ, "ಅಷ್ಟೇಯನಾ, ಕೊಟ್ಟಿಗೆ ಲೆಕ್ಕವೇ ಅಲ್ದನಾ ಅದು" ಅಂದಳು.

ನನಗೆ ನಾಚಿಕೆ ಆಯ್ತು. ಹೌದಲ್ಲ! ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳು ನಿಂತಿರೋದೇ ಪ್ರಾಣಿಯ ಕಾಲಡಿಗೆ ಏನು ಹಾಸಬೇಕು ಅನ್ನೋ ವಿದ್ಯೆಯ ಮೇಲೆ. ಸೊಪ್ಪಿನ ಬೆಟ್ಟ ಅಂತ ಇರೋದೇ ಅದಕ್ಕೆ. ತೋಟ ಇದ್ದವರು ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಬೇಕು, ದನ ಅದರ ಮೇಲೆ ಮಲಗಬೇಕು, ಸಗಣಿ ಉಚ್ಚೆ ಸೇರಿ ಗೊಬ್ಬರವಾಗಿ ಅದು ಅಡಿಕೆ ಮರದ ಬುಡಕ್ಕೆ ಹೋಗಬೇಕು. ಲಿಟರ್ ಅನ್ನೋ ಇಂಗ್ಲಿಷ್ ಪದಕ್ಕೂ ಹಳೆಯ ಅರ್ಥ ಇದೇ, ಪ್ರಾಣಿಯ ಕೆಳಗೆ ಹಾಸುವ ಹುಲ್ಲು ಸೊಪ್ಪು. ಅದರ ಬೇರು ಹುಡುಕಿದರೆ ಲ್ಯಾಟಿನ್‌ನಲ್ಲಿ ಹಾಸಿಗೆ ಅನ್ನೋ ಪದ ಸಿಗುತ್ತದೆ.

ಕರು ಹಾಕುವ ದಿನ ಹತ್ತಿರ ಬಂದಾಗ ಅತ್ತೆ ಹಸಿ ಸೊಪ್ಪು ಹಾಕಿಸೋದಿಲ್ಲ. ಒಣ ಹುಲ್ಲು ಹಾಸಿ, ಕಡ್ಡಿ ಮುಳ್ಳು ಆರಿಸಿ, ಅಂಗೈಯಿಂದ ಒತ್ತಿ ನೋಡ್ತಾಳೆ. ಗೊರಸಿನಲ್ಲಿ ಹುಣ್ಣಾದ ದನಕ್ಕೆ ದಿನಕ್ಕೆರಡು ಸಲ ಹಾಸು ಬದಲಿಸ್ತಾಳೆ. ಗೊಬ್ಬರದ ಲೆಕ್ಕದಲ್ಲಿ ಅದು ನಷ್ಟವೇ, ಯಾಕಂದ್ರೆ ಸೊಪ್ಪು ಸರಿಯಾಗಿ ತುಳಿತವಾಗೋದಿಲ್ಲ. ಅಂದ್ರೆ ಅತ್ತೆ ದಿನವೂ ತೋಟದ ಲಾಭಕ್ಕೆ ಹಾಸ್ತಾಳೆ, ಆದರೆ ದನಕ್ಕೆ ಹುಷಾರಿಲ್ಲದ ದಿನ ದನಕ್ಕೋಸ್ಕರ ಹಾಸ್ತಾಳೆ. ಯಾವ ದಿನ ಯಾರ ಲೆಕ್ಕ ಅನ್ನೋದು ಅವಳಿಗೆ ಗೊತ್ತು. ನನ್ನ ಹತ್ತಿರ ಇಲ್ಲದಿದ್ದದ್ದು ಈ ಎರಡನೇ ಲೆಕ್ಕ.

ಅತ್ತೆಯ ಮಾತು ಕೇಳಿ ನನಗೆ ಹುಮ್ಮಸ್ಸು ಬಂತು. ಹಾಗಾದರೆ ಕಾರ್ಖಾನೆಯ ಮಣ್ಣೆಲ್ಲ ಯಾಕೆ, ಬೇಸಿಗೆಯಲ್ಲಿ ಗುಡಿಸಿಟ್ಟ ದರಕು ಇದೆಯಲ್ಲ, ಅದನ್ನೇ ಹಾಕೋಣ ಅಂತ ಬುಟ್ಟಿ ಹಿಡಿದು ಹೊರಟೆ. ಆಯಿ ತಡೆದಳು. "ದರಕು ಬ್ಯಾಡ ತಮಾ, ಉಣುಗು ಇರ್ತು." ಅವಳು ಸುಮ್ಮನೆ ಹೇಳಿದ್ದಲ್ಲ. ಮಂಗನ ಕಾಯಿಲೆಯನ್ನ ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ಹರಡೋದು ಕಾಡಿನ ಉಣುಗಿನಿಂದ. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕಿನಲ್ಲೇ ಆ ಜ್ವರ ಜೀವ ತೆಗೆದಿತ್ತು. ಕಾಡಿನ ಒಣ ಎಲೆ ತಂದು ಮನೆಯೊಳಗಿನ ಡಬ್ಬಿಗೆ ಹಾಕೋದು ಅಂದ್ರೆ ಆಟ ಅಲ್ಲ. ನಮ್ಮದು, ನೈಸರ್ಗಿಕವಾದದ್ದು, ಹಿರಿಯರು ಬಳಸಿದ್ದು ಅನ್ನೋ ಕಾರಣಗಳೂ ಲ್ಯಾವೆಂಡರ್ ಪರಿಮಳದ ಹಾಗೇನೇ ಅನಿಸಿತು. ನನ್ನ ಮನಸ್ಸಿಗೆ ಹಿತ, ಬೆಕ್ಕಿಗೆ ಅದರಿಂದ ಏನೂ ಇಲ್ಲ.

ಬಗ್ಗುವವರ ಲೆಕ್ಕವನ್ನ ಪೂರ್ತಿ ಬಿಡೋದಕ್ಕೂ ಆಗೋದಿಲ್ಲ. ಆಗ ನನ್ನ ತಂಗಿ ಐದು ತಿಂಗಳ ಬಸುರಿ, ಊರಲ್ಲೇ ಇದ್ದಳು. ಇಲಿ ಹಿಡಿಯುವ ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನೋ ಪರಾವಲಂಬಿ ಇರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅದು ಅಪಾಯ. ಹೊರಗೆ ಬಿದ್ದ ಮೇಲೆ ಅದು ಸೋಂಕು ತರುವಷ್ಟು ಬಲಿಯಲಿಕ್ಕೆ ಒಂದರಿಂದ ಐದು ದಿನ ಬೇಕು, ಹಾಗಾಗಿ ದಿನವೂ ತೆಗೆದರೆ ಭಯ ಕಡಿಮೆ. ತಂಗಿ ಡಬ್ಬಿಯ ಹತ್ತಿರ ಬರೋದೇ ಬೇಡ, ಬೆಳಗ್ಗೆ ಸಂಜೆ ನಾನೇ ತೆಗೆಯೋದು ಅಂತ ಮಾಡಿದೆವು. ಅವಳ ಆರೋಗ್ಯ ಮತ್ತು ನನ್ನ ಮೂಗು ಒಂದೇ ತಕ್ಕಡಿಯಲ್ಲಿ ಇಡುವಂಥವಲ್ಲ. ಒಂದು ಅಗತ್ಯ, ಇನ್ನೊಂದು ಇಷ್ಟ. ಇಷ್ಟಗಳಿಗೆಲ್ಲ ಅಗತ್ಯ ಅಂತ ಹೆಸರಿಟ್ಟುಕೊಂಡಾಗಲೇ ನಾವು ಎಡವೋದು.

ಈಗ ನಿಜವಾದ ಕಷ್ಟಕ್ಕೆ ಬರ್ತೇನೆ. ಗುಂಡನಿಗೆ ಪೇಪರು ಸುತಾರಾಂ ಹಿಡಿಸಲಿಲ್ಲ. ಬೆಕ್ಕಿನ ಪೂರ್ವಜ ಒಣ ಸೀಮೆಯ ಕಾಡುಬೆಕ್ಕು, ಕೆದಕಿ ಮುಚ್ಚಲಿಕ್ಕೆ ಅದಕ್ಕೆ ಮರಳಿನಂಥದ್ದೇ ಬೇಕು. ಪೇಪರು ಕೆದಕಿದರೆ ಸರಸರ ಸದ್ದು ಬರುತ್ತದೆಯೇ ಹೊರತು ಮುಚ್ಚೋದಿಲ್ಲ. ಅವನು ಡಬ್ಬಿಯ ಅಂಚಿನ ಮೇಲೆ ನಿಂತು ನನ್ನ ಮುಖ ನೋಡ್ತಿದ್ದ. ಕಿಟಕಿಯ ಆಚೆ ಇಡೀ ಸಿದ್ದಾಪುರದ ಮಣ್ಣು. ಅವನಿಗೆ ಬೇಕಾದ್ದು ಏನು ಅಂತ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಅವನಿಗೆ ಒಳ್ಳೆಯದು ಏನು ಅಂತಲೂ ಗೊತ್ತಿತ್ತು. ಎರಡೂ ಬೇರೆಯಾಗಿದ್ದವು.

ಅದೇ ಜಗುಲಿಯ ಪಕ್ಕದ ಕೋಣೆಯಲ್ಲಿ, ಆರು ವರ್ಷದ ಹಿಂದೆ, ಅಮ್ಮಮ್ಮ ಮಲಗಿದ್ದಳು. ಸೊಂಟ ಮುರಿದಿತ್ತು. ಮೊದಮೊದಲು ಡಾಕ್ಟರು ಏಳಲೇಬಾರದು ಅಂದಿದ್ದರು, ಹಾಗಾಗಿ ಡೈಪರ್ ಹಾಕಿದೆವು. ಎರಡು ತಿಂಗಳ ಮೇಲೆ, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡಬಹುದು ಅಂದರು. "ಯನ್ನ ಬಚ್ಚಲಿಗೆ ಕರ್ಕಂಡು ಹೋಗ್ರೋ" ಅಂತ ಅವಳು ಕೇಳ್ತಾನೇ ಇದ್ದಳು. ನಾವು ಕರ್ಕೊಂಡು ಹೋಗಲಿಲ್ಲ. ರಾತ್ರಿ ಏಳಬೇಕು, ಇಬ್ಬರು ಬೇಕು, ಬಿದ್ದುಬಿಟ್ಟರೆ ಏನು ಗತಿ. ಎಲ್ಲ ಅವಳ ಒಳ್ಳೆಯದಕ್ಕೇ ಅಂತ ಹೇಳಿಕೊಂಡೆವು. ಮೊದಲ ಎರಡು ತಿಂಗಳು ಅದು ನಿಜವೂ ಆಗಿತ್ತು. ಆಮೇಲಿನದು ನಮ್ಮ ನಿದ್ದೆಯ ಲೆಕ್ಕ. ಯಾವ ದಿನ ಅದು ಅವಳ ಒಳ್ಳೆಯದರಿಂದ ನಮ್ಮ ಅನುಕೂಲಕ್ಕೆ ಬದಲಾಯ್ತು ಅಂತ ಯಾರೂ ಗಮನಿಸಲಿಲ್ಲ. ಅಮ್ಮಮ್ಮನನ್ನ ಬೆಕ್ಕಿಗೆ ಹೋಲಿಸ್ತಾ ಇಲ್ಲ. ಅವಳು ಬಾಯಿಬಿಟ್ಟು ಕೇಳಿದ್ದಳು, ಹಾಗಾಗಿ ಅವಳ ವಿಷಯದಲ್ಲಿ ನಮ್ಮ ತಪ್ಪು ಇನ್ನೂ ದೊಡ್ಡದು. ಹೋಲಿಕೆ ಇರೋದು ನನ್ನಲ್ಲಿ. ಎರಡು ಸಲವೂ ನಾನೇ ನಿರ್ಧಾರ ಮಾಡುವ ಕಡೆ ಇದ್ದೆ.

ಬೇರೊಬ್ಬರಿಗಾಗಿ ಆರಿಸೋದು ತಪ್ಪಲ್ಲ, ಎಷ್ಟೋ ಸಲ ಆರಿಸಲೇಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 3ನೇ ಕಲಮು, ಪ್ರಾಣಿಯನ್ನ ತನ್ನ ಸುಪರ್ದಿಯಲ್ಲಿ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಅದರ ಯೋಗಕ್ಷೇಮದ ಕರ್ತವ್ಯ ಹೊರಿಸುತ್ತದೆ. ಅಗತ್ಯವಿಲ್ಲದ ನೋವು ಆಗದ ಹಾಗೆ ನೋಡಿಕೊಳ್ಳಬೇಕು ಅನ್ನುತ್ತದೆ. ಆದರೆ ಅಗತ್ಯ ಯಾವುದು ಅಂತ ತೀರ್ಮಾನ ಮಾಡೋದು ಮತ್ತೆ ನಾವೇ. ಹಾಗಾಗಿ ನಾನು ನನಗೇ ಎರಡು ನಿಯಮ ಹಾಕಿಕೊಂಡೆ. ಅವನ ಇಷ್ಟವನ್ನ ಮೀರಿ ಏನಾದರೂ ಹೇರಿದರೆ ಅದಕ್ಕೊಂದು ಕೊನೆಯ ದಿನ ಇರಬೇಕು. ಆ ದಿನ ಬಂದ ಮೇಲೆ ಅವನನ್ನೇ ಕೇಳಬೇಕು.

ಪೇಪರಿಗೆ ಹತ್ತು ದಿನ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಅಷ್ಟು ದಿನ ಅವನ ಸಿಟ್ಟು ಸಹಿಸಿಕೊಂಡೆ. ಹನ್ನೊಂದನೇ ದಿನ ಶಿರಸಿಗೆ ಕರ್ಕೊಂಡು ಹೋಗಿ ತೋರಿಸಿದೆ, ಗಾಯ ಮಾಗಿದೆ ಅಂದರು. ಮನೆಗೆ ಬಂದು ಮೆತ್ತಿನ ಮೇಲೆ ಎರಡು ಡಬ್ಬಿ ಇಟ್ಟೆ, ಎರಡಕ್ಕೂ ಮುಚ್ಚಳ ಇಲ್ಲ. ಒಂದರಲ್ಲಿ ಬೆಂಗಳೂರಿಂದ ತಂದ ಪರಿಮಳ ಇಲ್ಲದ ಸಣ್ಣ ಕಾಳಿನ ಮಣ್ಣು. ಇನ್ನೊಂದರಲ್ಲಿ ತೊಳೆದು ಒಣಗಿಸಿದ ಹೊಳೆಯ ಮರಳು. ಮಾತಾಡದವರನ್ನ ಕೇಳುವ ದಾರಿ ಇದೊಂದೇ. ಎರಡನ್ನೂ ಮುಂದಿಟ್ಟು, ಸುಮ್ಮನಿದ್ದು, ಬೆಳಗ್ಗೆ ನೋಡೋದು.

ಮೂರು ದಿನ ನೋಡಿದೆವು. ಮರಳಿನ ಡಬ್ಬಿಯಲ್ಲಿ ಒಂದು ಸಲ, ಮಣ್ಣಿನ ಡಬ್ಬಿಯಲ್ಲಿ ಉಳಿದೆಲ್ಲ. ದುಡ್ಡು ಕೊಟ್ಟು ತಂದ ಮಣ್ಣೇ ಗೆದ್ದಿದ್ದು ನೋಡಿ ಆಯಿಗೆ ಸ್ವಲ್ಪ ಬೇಜಾರಾಯ್ತು. "ಪ್ಯಾಟೆ ಬೆಕ್ಕಾಗಿ ಹೋಜು" ಅಂದಳು. ಇರಬಹುದು. ಅವನು ಮರಳನ್ನೇ ಆರಿಸಿದ್ದರೆ ನಾನು ಬೆಂಗಳೂರಿಗೆ ಮರಳು ಹೊತ್ತುಕೊಂಡು ಹೋಗಬೇಕಿತ್ತು, ಹೋಗ್ತಿದ್ದೆ ಕೂಡ ಅಂದುಕೊಳ್ತೇನೆ. ಕೇಳಿದ ಮೇಲೆ ಉತ್ತರ ನಮಗೆ ಅನುಕೂಲ ಆಗಿಯೇ ಇರಬೇಕು ಅಂತೇನಿಲ್ಲ.

ಈಗ ಬೆಂಗಳೂರಿನ ಮನೆಯಲ್ಲಿ ಎರಡು ಡಬ್ಬಿ ಇವೆ, ಒಂದು ನನ್ನ ಕೋಣೆಯಲ್ಲೇ. ಬಂದವರಿಗೆ ಕಾಣುತ್ತದೆ. ಸ್ವಲ್ಪ ವಾಸನೆಯೂ ಬರುತ್ತದೆ. ಬೆಳಗ್ಗೆ ಕಾಫಿಗೆ ಮುಂಚೆ ಜರಡಿ ಸೌಟು ಹಿಡಿದು ಉಂಡೆ ಎಣಿಸ್ತೇನೆ. ಮೂರಿದ್ದರೆ ಸಮಾಧಾನ. ರಾತ್ರಿ ಊರಿಂದ ಫೋನ್ ಬರುತ್ತದೆ. ಊಟ ಆಯ್ತಾ, ಮಳೆ ಹೇಗಿದೆ ಅನ್ನೋದೆಲ್ಲ ಆಮೇಲೆ. ಆಯಿಯ ಮೊದಲ ಪ್ರಶ್ನೆ ಈಗ ಒಂದೇ: "ಗುಂಡಂಗೆ ಉಚ್ಚೆ ಸರಿ ಆಗ್ತಾ ಇದ್ದಾ?"